ಉಪ್ಪು ಹಾಕದ ಕೈ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು ಮೊಟ್ಟೆ ಒಡೆಯುತ್ತಿದ್ದಾರೆ. ಚಿಪ್ಪಿನ ಒಂದು ಹೋಳಿನಿಂದ ಇನ್ನೊಂದು ಹೋಳಿಗೆ ಹಳದಿಯನ್ನು ದಾಟಿಸುತ್ತಾರೆ. ಬಿಳಿ ಭಾಗ ಕೆಳಗಿನ ಗಾಜಿನ ಬಟ್ಟಲಿಗೆ ಜಾರುತ್ತದೆ. ನಾಲ್ಕು ಮೊಟ್ಟೆ. ಬಟ್ಟಲು ತಕ್ಕಡಿಯ ಮೇಲಿದೆ. ನೂರಾ ಹದಿನೇಳು ಗ್ರಾಂ. ಐದನೆಯ ಮೊಟ್ಟೆ ಒಡೆದು ಚಮಚದ ತುದಿಯಿಂದ ಇಷ್ಟೇ ಇಷ್ಟು ಸೇರಿಸುತ್ತಾರೆ. ತಕ್ಕಡಿಯ ಅಂಕಿ ನೂರಾ ಇಪ್ಪತ್ತೊಂದಕ್ಕೆ ಹಾರಿ, ಯೋಚಿಸಿ, ನೂರಾ ಇಪ್ಪತ್ತಕ್ಕೆ ಮರಳುತ್ತದೆ. ಅದು ನಿಲ್ಲುವವರೆಗೆ ಅವರು ಉಸಿರು ಬಿಡುವುದಿಲ್ಲ.

ಒಂದು ವಿದ್ಯುತ್ ಒಲೆ, ಒಂದು ಬಾಣಲೆ, ಬ್ರೆಡ್ ಸುಡುವ ಯಂತ್ರ, ಗೋಡೆ ಗಡಿಯಾರ. ನೋಡಿದರೆ ಅಡುಗೆಮನೆ. ಆದರೆ ಇಲ್ಲಿ ಉಪ್ಪಿಲ್ಲ. ಎಣ್ಣೆ, ಬೆಣ್ಣೆ, ಮೆಣಸು ಯಾವುದೂ ಇಲ್ಲ. ಬೀರುವಿನ ಬಾಗಿಲು ತೆರೆದರೆ ಒಳಗೆ ಮೂವತ್ತು ಗ್ರಾಂ ತೂಗಿ ಮುಚ್ಚಿಟ್ಟ ಜಾಮಿನ ಪುಟ್ಟ ಬಟ್ಟಲುಗಳು, ಮತ್ತು ಬಾಗಿಲಿನ ಒಳಮೈಗೆ ಅಂಟಿಸಿದ ಒಂದು ಹಳದಿಗಟ್ಟಿದ ಮೆಮೊ. ಆ ಮೆಮೊದ ಕತೆ ಮುಂದೆ ಬರುತ್ತದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸಪ್ಪೆಯಮ್ಮ ಎಂದು. ಹದಿನಾಲ್ಕು ವರ್ಷಗಳಿಂದ ಇವರು ಮಾಡುತ್ತಿರುವುದು ಒಂದೇ ತಿಂಡಿ: ಮೊಟ್ಟೆಯ ಬಿಳಿ, ಸುಟ್ಟ ಬ್ರೆಡ್ ಎರಡು ಹೋಳು, ಜಾಮ್, ಅರ್ಧ ಲೋಟ ನೀರು. ದಿನಕ್ಕೆ ಎರಡು ತಟ್ಟೆ, ವಾರಕ್ಕೆ ನಾಲ್ಕು ದಿನ. ಐದು ಸಾವಿರ ತಟ್ಟೆ ದಾಟಿದೆ ಎಂದು ಪಕ್ಕದ ಕೋಣೆಯ ಟೆಕ್ನೀಷಿಯನ್ ಹೇಳುತ್ತಾರೆ. ಇಷ್ಟರಲ್ಲಿ ಯಾರೂ ಇನ್ನೊಂದು ತುತ್ತು ಕೇಳಿಲ್ಲ.

ತಿನ್ನುವವರಲ್ಲಿ ಮುಕ್ಕಾಲು ಪಾಲು ಸಕ್ಕರೆ ಕಾಯಿಲೆಯವರು. ತಿಂದದ್ದು ಮೇಲಕ್ಕೆ ಬರುತ್ತದೆ, ಎರಡು ತುತ್ತಿಗೆ ಹೊಟ್ಟೆ ಕಲ್ಲಾಗುತ್ತದೆ, ಸಕ್ಕರೆ ಒಮ್ಮೆ ಪಾತಾಳಕ್ಕೆ ಒಮ್ಮೆ ಆಕಾಶಕ್ಕೆ ಹೋಗುತ್ತದೆ ಎನ್ನುವವರು. ಅವರ ಹೊಟ್ಟೆ ಊಟವನ್ನು ಎಷ್ಟು ಹೊತ್ತಿಗೆ ಮುಂದಕ್ಕೆ ಕಳಿಸುತ್ತದೆ ಎಂದು ನೋಡಬೇಕು. ಅದಕ್ಕೆ ಹಸಿ ಮೊಟ್ಟೆಗೆ ಟೆಕ್ನೀಷಿಯನ್ ಒಂದು ದ್ರವದ ಕೆಲವು ಹನಿ ಬೆರೆಸುತ್ತಾರೆ. ಬಹಳ ಅಲ್ಪ ವಿಕಿರಣ ಸೂಸುವ ದ್ರವ ಅದು. ಬೇಯಿಸಿದ ಮೇಲೂ ಮೊಟ್ಟೆಯನ್ನು ಬಿಡುವುದಿಲ್ಲ, ಹೊಟ್ಟೆಯೊಳಗೆ ಹೋದ ಮೇಲೂ ಕ್ಯಾಮೆರಾಕ್ಕೆ ಕಾಣುತ್ತದೆ. ತಿಂದ ತಕ್ಷಣ ಒಂದು ಚಿತ್ರ, ಒಂದು ಗಂಟೆಯ ನಂತರ ಇನ್ನೊಂದು, ಎರಡು ಗಂಟೆಯ ನಂತರ ಮತ್ತೊಂದು, ನಾಲ್ಕು ಗಂಟೆಯ ನಂತರ ಕೊನೆಯದು. ನಿಯಮ ಎರಡೇ: ತಟ್ಟೆ ಹತ್ತು ನಿಮಿಷದಲ್ಲಿ ಖಾಲಿಯಾಗಬೇಕು, ತಿಂದದ್ದು ಒಳಗೇ ಉಳಿಯಬೇಕು. ಇಲ್ಲದಿದ್ದರೆ ಪರೀಕ್ಷೆ ರದ್ದು.

ಇಂದಿನ ಮೊದಲ ತಟ್ಟೆ ಸಪ್ಪೆಯಮ್ಮನ ಸ್ವಂತ ಅಕ್ಕನಿಗೆ. ಆ ಅಕ್ಕ ಐದು ವರ್ಷಗಳಿಂದ ತಂಗಿ ಬಡಿಸಿದ ಒಂದು ತಟ್ಟೆಯನ್ನೂ ಪೂರ್ತಿ ಉಂಡಿಲ್ಲ.

"ಅಡುಗೆಯವಳಿಗೆ ದೊಡ್ಡ ಬೈಗುಳ ಯಾವುದು ಗೊತ್ತಾ?" ಬಾಣಲೆ ಒರೆಸುತ್ತ ಅವರು ಕೇಳುತ್ತಾರೆ. "ಬಾಯಲ್ಲಿ ಬೈಯೋದಲ್ಲ. ತಟ್ಟೇಲಿ ಬಿಡೋದು."

*

ಸಪ್ಪೆಯಮ್ಮನಿಗೆ ಈಗ ಐವತ್ತನಾಲ್ಕು. ಮೊದಲು ಹನ್ನೊಂದು ವರ್ಷ ಆಸ್ಪತ್ರೆಯ ದೊಡ್ಡ ಅಡುಗೆಮನೆಯಲ್ಲಿದ್ದರು. ಆರು ನೂರು ಜನಕ್ಕೆ ಬೇಯಿಸುವ ಹಂಡೆಗಳನ್ನು ತಿರುವಿ ತಿರುವಿ ಬಲ ಭುಜ ಕೂತುಹೋಯಿತು. ಹಗುರ ಕೆಲಸ ಕೊಡಿ ಎಂದು ಅರ್ಜಿ ಹಾಕಿದಾಗ ಈ ಕೋಣೆಗೆ ಕಳಿಸಿದರು. ಅಲ್ಲಿನ ಗೆಳತಿಯರು ಕಣ್ಣೀರು ಹಾಕಿ ಬೀಳ್ಕೊಟ್ಟರಂತೆ. ಮಾರನೆಯ ವಾರದಿಂದಲೇ ಹೊಸ ಅಡ್ಡಹೆಸರು ಕೂಗಿ ನಗತೊಡಗಿದರು.

"ಕೈ ರುಚಿಗೆ ಹೆಸರಾದವಳು ನಾನು. ಇಲ್ಲಿಗೆ ಬಂದು ರುಚಿ ತೆಗೆಯೋದು ಕಲಿತೆ. ಹಾಕೋಕಿಂತ ಅದು ಕಷ್ಟ."

ಕೈಯ ಹಳೆಯ ಬುದ್ಧಿ ಅಷ್ಟು ಬೇಗ ಹೋಗಲಿಲ್ಲ. ಒಂಬತ್ತು ವರ್ಷದ ಹಿಂದೆ ಒಬ್ಬ ನಿವೃತ್ತ ಅಂಚೆಯವರು ಪರೀಕ್ಷೆಗೆ ಬಂದರು. ಕೊರಳೆಲುಬು ಕಾಣುವಷ್ಟು ಸೊರಗಿದ್ದರು. ಕುರ್ಚಿಯಲ್ಲಿ ಕೂತು, ನಾಲಿಗೆಗೆ ರುಚಿ ತಾಗಿ ಎಷ್ಟು ತಿಂಗಳಾಯಿತೋ ತಾಯಿ, ಎಂದರು. ಅಷ್ಟೇ ಅಂದದ್ದು. ಸಪ್ಪೆಯಮ್ಮ ತಮ್ಮ ಬುತ್ತಿಯಿಂದ ಒಂದು ಚಮಚ ಬೆಣ್ಣೆ ತೆಗೆದು ಬಾಣಲೆಗೆ ಹಾಕಿದರು. ಯಾರೂ ನೋಡಲಿಲ್ಲ. ಆತ ತಟ್ಟೆ ಬಳಿದು ತಿಂದರು. ಸಂಜೆಗೆ ವರದಿ ಬಂತು: ಹೊಟ್ಟೆ ನಿಧಾನ. ಮೆತ್ತಗಿನದನ್ನೇ ತಿನ್ನಿ, ಅರೆದದ್ದನ್ನೇ ತಿನ್ನಿ ಎಂದು ಕಳಿಸಿದರು.

ಮೂರು ವಾರದ ನಂತರ ಹೊಸದಾಗಿ ಬಂದವರಿಗೆ ಟೆಕ್ನೀಷಿಯನ್ ಪಾಠ ಹೇಳುವುದು ಬಾಗಿಲ ಸಂದಿಯಿಂದ ಕೇಳಿಸಿತು. ಜಿಡ್ಡು ಹೊಟ್ಟೆಯನ್ನು ತಡೆದು ನಿಲ್ಲಿಸುತ್ತದೆ, ಒಂದು ಚಮಚ ಸೇರಿದರೂ ಲೆಕ್ಕ ತಪ್ಪಬಹುದು. ಸಪ್ಪೆಯಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ಎರಡು ದಿನ ಅವರಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ತಾವೇ ಹೋಗಿ ಹೇಳಿದರು.

ಮೆಮೊ ಸಿಕ್ಕಿತು. ಅಂಚೆಯವರನ್ನು ಮತ್ತೆ ಕರೆಸಿದರು. ಬೆಣ್ಣೆಯಿಲ್ಲದ ತಿಂಡಿ ತಿಂದ ಅವರ ಹೊಟ್ಟೆ ಎಲ್ಲರಂತೆ ಕೆಲಸ ಮಾಡಿತು. ಸೊರಗಿದ್ದಕ್ಕೆ ಬೇರೆ ಕಾರಣವಿತ್ತು, ಅದಕ್ಕೆ ಔಷಧಿಯೂ ಇತ್ತು. ಹೋಗುವಾಗ ಅವರು ಅಡುಗೆ ಕೋಣೆಗೆ ಇಣುಕಿ, "ಮೂರು ವಾರ ಹಿಸುಕಿದ ಆಲೂಗಡ್ಡೆ ತಿನ್ನಿಸಿದೆಯಲ್ಲ ತಾಯಿ. ಆದರೂ ಆ ಬೆಣ್ಣೆ ಮರೆಯೋಕಾಗಲ್ಲ," ಎಂದರಂತೆ.

"ಕರುಣೆ ಮಾಡಿ ಮನುಷ್ಯನನ್ನ ರೋಗಿ ಮಾಡಿಬಿಟ್ಟಿದ್ದೆ," ಎನ್ನುತ್ತಾರೆ ಸಪ್ಪೆಯಮ್ಮ. ಮೆಮೊವನ್ನು ಬೀರುವಿನೊಳಗೆ ಅಂಟಿಸಿದ್ದು ಅವರೇ. ಜಾಮ್ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು. ಅಂದಿನಿಂದ ಬುತ್ತಿಯ ಡಬ್ಬಿಯೂ ಈ ಕೋಣೆಯೊಳಗೆ ಬರುವುದಿಲ್ಲ.

ಈಗ ಅವರೇ ಕಾವಲು. ಹೋದ ವರ್ಷ ಸರಬರಾಜಿನವರು ಹಾಲು ಬೆಣ್ಣೆ ಬೆರೆತ ಸಿಹಿ ಬ್ರೆಡ್ ಕಳಿಸಿದಾಗ ಮೂಸಿ ನೋಡಿ ಹಿಂದಕ್ಕೆ ಕಳಿಸಿದರು. ಉಗ್ರಾಣದ ಅಧಿಕಾರಿ ಸಿಡುಕಿದರು. ಬ್ರೆಡ್ ಅಂದರೆ ಬ್ರೆಡ್ ತಾನೇ?

"ಅಲ್ಲ ಸಾರ್. ಇದು ಅಳತೆಗೋಲು. ದಿನಕ್ಕೊಂದು ಉದ್ದ ಆಗೋ ಅಳತೆಗೋಲು ಇಟ್ಕೊಂಡು ಯಾವ ಬಟ್ಟೆ ಅಳೀತೀರಿ?"

ವರದಿಯ ಹಾಳೆಯಲ್ಲಿ ವೈದ್ಯರ ಹೆಸರಿದೆ, ಟೆಕ್ನೀಷಿಯನ್ ಸಹಿ ಇದೆ, ಕ್ಯಾಮೆರಾದ ನಂಬರೂ ಇದೆ. ತಿಂಡಿಯ ಬಗ್ಗೆ ಇರುವುದು ಎರಡೇ ಪದ: ನಿಗದಿತ ಆಹಾರ.

ಮನೆಯಲ್ಲಿ ಮಾತ್ರ ಈ ಶಿಸ್ತು ಮುಳುವಾಗಿದೆ. ಕೈ ತಾನಾಗಿ ಉಪ್ಪು ಮರೆಯುತ್ತದೆ. ದರ್ಜಿಯಾದ ಗಂಡ ಹೊಲಿಗೆ ಯಂತ್ರದ ಎಣ್ಣೆಬುಡ್ಡಿಯ ಪಕ್ಕದಲ್ಲೇ ತನ್ನದೊಂದು ಉಪ್ಪಿನ ಡಬ್ಬಿ ಇಟ್ಟುಕೊಂಡಿದ್ದಾರೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಮಾಡಿದವರು ನಿನ್ನ ಮದುವೆಯಾಗಿದ್ದರು ಕಣೇ, ಎನ್ನುತ್ತಾರಂತೆ.

*

ಏಳು ಗಂಟೆಗೆ ಅಕ್ಕ ಬರುತ್ತಾರೆ. ಅರವತ್ತು ವಯಸ್ಸು, ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ. ಬೆರಳ ಸಂದಿಯಲ್ಲಿ ಒಣಗಿದ ಅಂಟು ಇನ್ನೂ ಇದೆ. ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಹದಿನೈದು ದಿನದ ಹಿಂದೆಯೂ ಬಂದಿದ್ದರು. ಅಂದು ಸಕ್ಕರೆ ಮುನ್ನೂರು ದಾಟಿತ್ತು. ಅಷ್ಟು ಏರಿದ್ದರೆ ಒಳ್ಳೆಯ ಹೊಟ್ಟೆಯೂ ನಿಧಾನವಾಗುತ್ತದೆ ಎಂದು ವಾಪಸ್ ಕಳಿಸಿದ್ದರು. ಇಂದು ಬೆರಳು ಚುಚ್ಚಿ ನೋಡಿದರೆ ನೂರಾ ಅರವತ್ತೆಂಟು. ಪರೀಕ್ಷೆ ನಡೆಯಬಹುದು.

ಈ ಅಕ್ಕತಂಗಿಯರ ನಡುವೆ ಎಂಟು ತಿಂಗಳು ಮಾತಿರಲಿಲ್ಲ. ತಂಗಿಯ ಮನೆಗೆ ಬಂದಾಗಲೆಲ್ಲ ಅಕ್ಕ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದರು. ಹೊಟ್ಟೆ ತುಂಬಿದೆ ಎನ್ನುತ್ತಿದ್ದರು. ಬೆಳಿಗ್ಗೆ ತಿಂದದ್ದು ಸಂಜೆ ಹಾಗೆಹಾಗೇ ವಾಂತಿಯಾಗುತ್ತದೆ ಎನ್ನುತ್ತಿದ್ದರು. ನಾಟಕ ಎಂದರು ಕೆಲವರು. ಹಟ ಎಂದರು ಅಕ್ಕನ ಗಂಡ. ಒಂದು ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಸಪ್ಪೆಯಮ್ಮನ ತಾಳ್ಮೆಯೂ ಕೆಟ್ಟಿತು. ಆಸ್ಪತ್ರೆ ಅಡುಗೆಯವಳ ಕೈ ಊಟ ನಿನಗೆಲ್ಲಿ ಸೇರುತ್ತೆ ಬಿಡು ಎಂದು ಎಲ್ಲರೆದುರಿಗೇ ಅಂದುಬಿಟ್ಟರು. ಅಕ್ಕ ಎದ್ದು ಹೋದರು.

"ಇಂಥವರನ್ನ ದಿನಾ ನೋಡ್ತಿದ್ದೆ," ಎನ್ನುವಾಗ ಸಪ್ಪೆಯಮ್ಮ ಬ್ರೆಡ್ಡಿನ ಮೇಲಿನ ಕಣ್ಣು ತೆಗೆಯುವುದಿಲ್ಲ. "ಈ ಬೆಂಚಿನ ಮೇಲೆ ಕೂತವರು ಅವಳ ಮಾತನ್ನೇ ಆಡ್ತಿದ್ರು, ಅಕ್ಷರ ಅಕ್ಷರ ಅದೇ. ಅವರ ಮಾತೆಲ್ಲ ನಂಬಿದೆ. ನಮ್ಮಕ್ಕನ ತಟ್ಟೆ ನೋಡುವಾಗ ಮಾತ್ರ ಬರೀ ಅಡುಗೆಯವಳಾಗಿಬಿಟ್ಟೆ."

ಎರಡು ತಿಂಗಳ ಹಿಂದೆ ಅಕ್ಕ ಬೈಂಡಿಂಗ್ ಮೇಜಿನ ಪಕ್ಕದಲ್ಲೇ ಕುಸಿದರು. ಇನ್ಸುಲಿನ್ ಚುಚ್ಚಿಕೊಂಡಿದ್ದರು, ತಿಂದೂ ಇದ್ದರು. ಆದರೂ ಸಕ್ಕರೆ ನಲವತ್ತಕ್ಕೆ ಇಳಿದಿತ್ತು. ತಿಂದರೂ ಇಳಿಯಿತೆಂದರೆ ತಿಂದದ್ದು ಎಲ್ಲಿ ಕೂತಿದೆ? ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಡಾಕ್ಟರಲ್ಲ, ಸುದ್ದಿ ತಿಳಿದು ಓಡಿಬಂದ ತಂಗಿ. ಪರೀಕ್ಷೆಗೆ ಬರೆಸಿದ್ದೂ ಅವರೇ.

ಇಂದು ಬೇರೆ ಯಾರಾದರೂ ಮೊಟ್ಟೆ ಬೇಯಿಸಲಿ, ನೀವು ಹೊರಗಿರಿ ಎಂದು ಟೆಕ್ನೀಷಿಯನ್ ಹೇಳಿ ನೋಡಿದ್ದಾರೆ. ಸಪ್ಪೆಯಮ್ಮ ಒಪ್ಪಿಲ್ಲ. "ಬೇರೆಯವರು ಪಾಪ ಅಂತ ಉಪ್ಪು ಹಾಕಿಬಿಡ್ತಾರೆ," ಎಂದಿದ್ದಾರೆ.

ತಟ್ಟೆ ಬರುತ್ತದೆ. ಟೆಕ್ನೀಷಿಯನ್ ನಿಮಿಷ ಎಣಿಸುವ ಗಡಿಯಾರದ ಗುಂಡಿ ಒತ್ತುತ್ತಾರೆ.

"ಸಕ್ಕರೆ ಕಾಯಿಲೆಗೆ ಜಾಮ್ ಕೊಡೋ ಆಸ್ಪತ್ರೆ ಇದೊಂದೇ ಇರಬೇಕು," ಎನ್ನುತ್ತ ಅಕ್ಕ ಮೊದಲ ತುತ್ತು ಬಾಯಿಗಿಡುತ್ತಾರೆ. ಅಗಿಯುತ್ತಾರೆ. "ಪುಟ್ಟಿ, ಇದರಲ್ಲಿ ಉಪ್ಪೇ ಇಲ್ವಲ್ಲೇ."

"ಇಲ್ಲ."

"ಮರೆತ್ಯಾ?"

"ಇಲ್ಲ."

"ಸಣ್ಣವಳಿದ್ದಾಗಿಂದ ಇಷ್ಟೇ. ಮೊಂಡಿ."

ಐದು ನಿಮಿಷಕ್ಕೆ ಒಂದು ಹೋಳು ಬ್ರೆಡ್ ಮುಗಿದಿದೆ. ಆರನೆಯ ನಿಮಿಷಕ್ಕೆ ಅಕ್ಕನ ಎಡಗೈ ಹೊಟ್ಟೆಯ ಮೇಲೆ ಹೋಗುತ್ತದೆ. ಅಗಿಯುವುದು ನಿಲ್ಲುತ್ತದೆ. ಟೆಕ್ನೀಷಿಯನ್ ಗಡಿಯಾರ ನೋಡುತ್ತಾರೆ. ಸಪ್ಪೆಯಮ್ಮ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಬಡಿಸಿದವರು ಎದುರಿಗೆ ನಿಂತು ನೋಡಿದರೆ ಉಣ್ಣುವವರಿಗೆ ತುತ್ತು ದೊಡ್ಡದಾಗುತ್ತದೆ ಎಂಬುದು ಅವರ ಅನುಭವ. ಬೆನ್ನ ಹಿಂದೆ ನೀರು ಗುಟುಕರಿಸಿದ ಸದ್ದು. ಆಮೇಲೆ ಚಮಚ ತಟ್ಟೆಗೆ ತಾಗುತ್ತದೆ, ಇನ್ನೊಮ್ಮೆ ತಾಗುತ್ತದೆ.

"ತಿರುಗು," ಎನ್ನುತ್ತಾರೆ ಅಕ್ಕ. "ಐದು ವರ್ಷದಿಂದ ಇದಕ್ಕೇ ಕಾಯ್ತಿದ್ದೀಯಲ್ಲ. ನೋಡ್ಕೋ."

ತಟ್ಟೆ ಖಾಲಿ. ಒಂಬತ್ತು ನಿಮಿಷ ನಲವತ್ತು ಸೆಕೆಂಡು.

*

ಅಲ್ಲಿಂದ ನಾಲ್ಕು ಗಂಟೆ ಕಾಯಬೇಕು. ತಿಂದದ್ದು ಒಳಗೇ ಉಳಿಯಬೇಕು. ಕಾಯುವ ಜಾಗ ಅಡುಗೆ ಕೋಣೆಯ ಹೊರಗಿನ ಉದ್ದನೆಯ ಬೆಂಚು. ಸಪ್ಪೆಯಮ್ಮನ ಎರಡನೆಯ ಕೆಲಸ ನಡೆಯುವುದು ಇಲ್ಲಿ. ಅದು ಯಾವ ಆದೇಶದಲ್ಲೂ ಇಲ್ಲ.

ಇಂದಿನ ಎರಡನೆಯ ತಟ್ಟೆ ತಿಂದವರು ಒಬ್ಬ ಬಸ್ ಡ್ರೈವರ್. ಮೊದಲು ಹವೆಯ ಮಾತಾಡುತ್ತಾರೆ, ಆಮೇಲೆ ರಸ್ತೆಯ ಗುಂಡಿಗಳ ಮಾತು. ಅರ್ಧ ಗಂಟೆಯ ಮೇಲೆ ದನಿ ತಗ್ಗುತ್ತದೆ.

"ಒಂದು ವಾರ ಹೊರಕ್ಕೇ ಹೋಗಲ್ಲಮ್ಮ. ಕಲ್ಲು. ಆಮೇಲೆ ಒಂದೇ ದಿನ ಐದಾರು ಸಲ. ಹೇಳಲ್ಲ, ಕೇಳಲ್ಲ. ಬಸ್ಸಿಗೆ ಟೈಮ್ ಟೇಬಲ್ ಇದೆ, ನನಗಿಲ್ಲ. ದಾರಿ ಉದ್ದಕ್ಕೂ ಯಾವ ಸ್ಟಾಪಲ್ಲಿ ಪಾಯಿಖಾನೆ ಇದೆ, ಯಾವುದಕ್ಕೆ ಬೀಗ ಹಾಕಿರ್ತಾರೆ, ಎಲ್ಲಾ ಬಾಯಿಪಾಠ."

"ಇದನ್ನ ಡಾಕ್ಟರಮ್ಮಂಗೆ ಹೇಳಿದ್ರಾ?"

"ಛೆ. ಹೆಣ್ಣುಮಗಳ ಹತ್ರ ಹೇಗೆ ಹೇಳೋದು?"

"ನಾನೇನು ಗಂಡಸಾ?"

"ನೀವು ಬಿಡಿ. ನೀವು ಅಡುಗೆಯೋರು."

ಸಪ್ಪೆಯಮ್ಮ ಇದಕ್ಕೆ ಸಿದ್ಧವಾಗಿದ್ದಾರೆ. ಬ್ರೆಡ್ ಸುತ್ತಿ ಬರುವ ಬಿಳಿ ಕಾಗದವನ್ನು ಅಂಗೈಯಗಲಕ್ಕೆ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದುಕೊಡಿ ಎನ್ನುತ್ತಾರೆ. ಬರೆದದ್ದನ್ನು ನಾಲ್ಕು ಮಡಿಕೆ ಮಡಿಸಿ, ಓದದೆ, ಕಡತಕ್ಕೆ ಪಿನ್ನು ಹೊಡೆಯುತ್ತಾರೆ. ಬರೆಯಲು ಬಾರದವರು ಹೇಳಿದರೆ ಮಾತ್ರ ತಾವೇ ಬರೆಯುತ್ತಾರೆ. "ಒಳಗೆ ಕಳಿಸೋಳು ನಾನು. ಹೊರಗೆ ಬರೋದರ ವರದೀನೂ ನನಗೇ ಕೊಡ್ತಾರೆ. ನ್ಯಾಯವಾಗೇ ಇದೆ."

ಆ ಚೀಟಿಗಳ ಬೆಲೆ ಡಾಕ್ಟರಮ್ಮನಿಗೆ ಗೊತ್ತು. "ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಕಾಲಿನ ನರ ಜೋಮು ಹಿಡಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಹೊಟ್ಟೆಯನ್ನ, ಕರುಳನ್ನ ನಡೆಸೋದೂ ನರಗಳೇ. ಅವಕ್ಕೂ ಪೆಟ್ಟು ಬೀಳುತ್ತೆ. ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ, ಕೆಲವರಿಗೆ ಎರಡೂ, ಕೆಲವರಿಗೆ ಹಿಡಿತವೇ ತಪ್ಪುತ್ತೆ. ಕೆಲವು ಸಲ ಮಾತ್ರೆಯಿಂದಲೂ ಹಾಗಾಗಬಹುದು, ಬದಲಾಯಿಸಿದರೆ ಸರಿಹೋಗುತ್ತೆ. ಆದರೆ ಯಾರೂ ಬಾಯಿ ಬಿಡಲ್ಲ. ಈ ಚೀಟಿ ಬರದಿದ್ದರೆ ನಮಗೆ ಅರ್ಧ ಕಾಯಿಲೆ ಗೊತ್ತೇ ಆಗ್ತಿರಲಿಲ್ಲ," ಎನ್ನುತ್ತಾರೆ ಅವರು.

ಡ್ರೈವರ್ ಬರೆಯುತ್ತಾರೆ. ಒಂದು ಪುಟ ಸಾಲದೆ ಹಿಂಬದಿಗೂ ಹೋಗುತ್ತಾರೆ. ಬೆಂಚಿನ ಇನ್ನೊಂದು ತುದಿಯಲ್ಲಿ ಅಕ್ಕ ಕೈ ಚಾಚುತ್ತಾರೆ.

"ನನಗೂ ಒಂದು ಕೊಡು. ನೀನು ಓದಬೇಡ."

"ನಾನು ಯಾರದ್ದೂ ಓದಲ್ಲ."

"ನನ್ನದಂತೂ ಓದಲೇಬೇಡ."

ಎರಡು ಗಂಟೆಯ ಚಿತ್ರ ಮುಗಿದ ಮೇಲೆ ಅಕ್ಕನಿಗೆ ಹೊಟ್ಟೆ ತೊಳಸುತ್ತದೆ. ಮುಖದಲ್ಲಿ ಬೆವರು. ಸಪ್ಪೆಯಮ್ಮ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಾರೆ. ಬೇಕಾದರೆ ಎದ್ದು ಹೋಗು, ಪರೀಕ್ಷೆ ಹಾಳಾದರೆ ಆಗಲಿ ಎನ್ನುತ್ತಾರೆ. ಅಕ್ಕ ತಲೆಯಾಡಿಸುತ್ತಾರೆ. "ಎಂಟು ತಿಂಗಳು ನಿನ್ನ ಮಾತು ತಡ್ಕೊಂಡಿದ್ದೀನಿ. ಎರಡು ಗಂಟೆ ನಿನ್ನ ಮೊಟ್ಟೆ ತಡ್ಕೊಳ್ಳೋಕಾಗಲ್ವಾ?" ಕಣ್ಣು ಮುಚ್ಚಿ, ನೇರ ಕೂತು, ಪುಸ್ತಕದ ಹಾಳೆ ಎಣಿಸುವಂತೆ ಬೆರಳು ಮಡಿಸುತ್ತ ಉಸಿರು ಎಳೆದು ಬಿಡುತ್ತಾರೆ. ಹನ್ನೊಂದೂವರೆಯ ಹೊತ್ತಿಗೆ ಕೊನೆಯ ಚಿತ್ರ.

*

ಪರದೆಯ ಮೇಲೆ ನಾಲ್ಕು ಚಿತ್ರಗಳು ಸಾಲಾಗಿವೆ. ಕಪ್ಪು ಹಿನ್ನೆಲೆಯಲ್ಲಿ ಒಂದು ಬೆಳಕಿನ ಮಚ್ಚೆ. ನಾಲ್ಕನೆಯ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಆರಿಹೋಗಿರಬೇಕು. ತಿಂದದ್ದರಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಉಳಿದಿರಬಾರದು. ಅಕ್ಕನದರಲ್ಲಿ ನಲವತ್ತೊಂದು. ಮಚ್ಚೆ ಹಾಗೇ ಹೊಳೆಯುತ್ತಿದೆ.

"ಹಟ ಮಾಡ್ತಿರೋದು ನೀವಲ್ಲ, ನಿಮ್ಮ ಹೊಟ್ಟೆ," ಎನ್ನುತ್ತಾರೆ ಡಾಕ್ಟರಮ್ಮ. ಇನ್ಸುಲಿನ್ ಓಡುತ್ತದೆ, ಊಟ ತೆವಳುತ್ತದೆ. ಎರಡೂ ಸಿಗುವ ಹೊತ್ತನ್ನು ಹುಡುಕಿ ಚುಚ್ಚುಮದ್ದಿನ ಸಮಯ ಬದಲಿಸೋಣ ಎನ್ನುತ್ತಾರೆ. ದಿನಕ್ಕೆ ಮೂರು ದೊಡ್ಡ ಊಟ ಬೇಡ, ಆರು ಸಣ್ಣ ಊಟ. ಮೆತ್ತಗೆ ಬೆಂದದ್ದು, ಜಿಡ್ಡು ಕಡಿಮೆ, ನಾರು ಕಡಿಮೆ. ಉಂಡ ಮೇಲೆ ಮಲಗಬಾರದು, ನಾಲ್ಕು ಹೆಜ್ಜೆ ನಡೆಯಬೇಕು. ಒಂದು ಮಾತ್ರೆಯೂ ಇದೆ. ಪೂರ್ತಿ ವಾಸಿಯಾಗುತ್ತದೆಂದು ಅವರು ಹೇಳುವುದಿಲ್ಲ. ಬದುಕು ಹಗುರವಾಗುತ್ತದೆ ಎಂದು ಹೇಳುತ್ತಾರೆ.

ಅಕ್ಕ ಚಿತ್ರವನ್ನೇ ನೋಡುತ್ತಿದ್ದಾರೆ. ಕಾಯಿಲೆಯ ಸುದ್ದಿ ಕೇಳಿದವರ ಮುಖವಲ್ಲ ಅದು. ಕಳೆದುಹೋದ ಪುಟ ಸಿಕ್ಕಿದವರ ಮುಖ. "ಇದರದ್ದೊಂದು ಪ್ರತಿ ಕೊಡ್ತೀರಾ? ಚೌಕಟ್ಟು ಹಾಕಿಸಿ ನಮ್ಮ ಯಜಮಾನರ ಎದುರಿಗೆ ನೇತುಹಾಕಬೇಕು."

ಆಮೇಲೆ ಡಾಕ್ಟರಮ್ಮ ಚೀಟಿ ಬಿಡಿಸಿ ಓದುತ್ತಾರೆ. ಕೊನೆಯ ಸಾಲಿಗೆ ಬಂದಾಗ ನಗು ಬರುತ್ತದೆ. ಇದನ್ನು ಗಟ್ಟಿಯಾಗಿ ಓದಲೇ ಎಂದು ಅಕ್ಕನನ್ನು ಕೇಳುತ್ತಾರೆ. ಅಕ್ಕ ಸ್ವಲ್ಪ ಯೋಚಿಸಿ ಹೂಂ ಎನ್ನುತ್ತಾರೆ.

"ನನ್ನ ತಂಗಿಯ ಅಡುಗೆಯಲ್ಲಿ ಯಾವತ್ತೂ ತಪ್ಪಿರಲಿಲ್ಲ. ಇವತ್ತಿನದು ಬಿಟ್ಟು."

ಸಪ್ಪೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಕ್ಕನ ಜೊತೆ ಹೊರಗೆ ಬರುತ್ತಾರೆ. "ತಪ್ಪಾಯ್ತು ಅಕ್ಕ. ಆವತ್ತಿನ ಮಾತು ಹೊಟ್ಟೆಗೆ ಹಾಕ್ಕೋ."

"ಜಾಗ ಎಲ್ಲಿದೆ? ನಿನ್ನ ಬ್ರೆಡ್ಡೇ ಇನ್ನೂ ಕೂತಿದೆ," ಎನ್ನುತ್ತಾರೆ ಅಕ್ಕ. ಬೆಂಚಿನ ಮೇಲಿದ್ದ ಡ್ರೈವರೂ ನಗುತ್ತಾರೆ.

ಮುಂದಿನ ಭಾನುವಾರ ಅಕ್ಕ ತಂಗಿಯ ಮನೆಗೆ ಹೋಗುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಪುಟ್ಟ ತಟ್ಟೆ ಎಂದು ಈಗಲೇ ಮಾತಾಗಿದೆ. ಉಪ್ಪು ಯಾರು ಹಾಕುವುದೆಂಬ ಚರ್ಚೆ ಮಾತ್ರ ಮುಗಿದಿಲ್ಲ. ತಂಗಿಯ ಗಂಡನ ಡಬ್ಬಿಯೇ ವಾಸಿ ಎನ್ನುವುದು ಅಕ್ಕನ ವಾದ.

ಮಧ್ಯಾಹ್ನ ಸಪ್ಪೆಯಮ್ಮ ಬಾಣಲೆ ತೊಳೆಯುತ್ತಾರೆ, ತಕ್ಕಡಿ ಒರೆಸುತ್ತಾರೆ, ನಾಳೆಯ ಜಾಮ್ ತೂಗಿಡುತ್ತಾರೆ. ಬೆಳಿಗ್ಗೆ ಬೇರೆಯಿಟ್ಟಿದ್ದ ಮೊಟ್ಟೆಯ ಹಳದಿ ಎಂದಿನಂತೆ ಕಾವಲುಗಾರರ ಬಾಣಲೆಗೆ ಹೋಗಿದೆ; ಅವರು ಧಾರಾಳ ಉಪ್ಪು ಹಾಕಿಕೊಂಡು ತಿಂದಿದ್ದಾರೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ತಮ್ಮ ಜಾಗಕ್ಕೆ ಬರುವವರು ಚೆನ್ನಾಗಿ ಅಡುಗೆ ಬಲ್ಲವರಾಗಿರಲಿ ಎಂಬುದೊಂದೇ ಅವರ ಆಸೆ. ರುಚಿ ಗೊತ್ತಿದ್ದವರಿಗೆ ಮಾತ್ರ ಅದನ್ನು ಪೂರ್ತಿ ತೆಗೆಯಲು ಬರುತ್ತದಂತೆ.

ಬೆಳಿಗ್ಗೆ ಅಕ್ಕನ ಬಾಣಲೆಗೆ ಒಂದು ಚಿಟಿಕೆ ಉಪ್ಪು, ಒಂದು ತೊಟ್ಟು ಬೆಣ್ಣೆ ಹಾಕಬೇಕೆನ್ನಿಸಲಿಲ್ಲವೇ ಎಂದು ಕೇಳಿದರೆ, ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾರೆ.

"ಅನ್ನಿಸದೆ ಇರುತ್ತಾ? ಒಡಹುಟ್ಟಿದವಳು. ಆದರೆ ಹಾಕಿದ್ದರೆ, ಇವತ್ತು ಆ ಪರದೆ ಮೇಲೆ ಕಂಡದ್ದು ಅಕ್ಕನ ಸತ್ಯವೋ ನನ್ನ ಬೆಣ್ಣೆಯೋ ಅಂತ ಯಾರಿಗೆ ಗೊತ್ತಾಗ್ತಿತ್ತು?" ಒದ್ದೆ ಬಾಣಲೆಯನ್ನು ಬೋರಲು ಹಾಕುತ್ತಾರೆ. "ಚೆನ್ನಾಗಿದೆ ಅಂತ ಯಾರೂ ಹೇಳೋದು ಬೇಡ. ನಿನ್ನೆ ಹೇಗಿತ್ತೋ ಹಾಗೇ ಇದೆ ಅಂದರೆ ಸಾಕು."